ಕಡತರಾಯರು ಒಂಬತ್ತು ದೇಶ ಸುತ್ತಿದ್ದು

ಗುಟ್ಟು ಕಾಪಾಡಿಕೊಳ್ಳಬೇಕಾದರೆ ಮೊದಲು ಒಂದು ಗುಟ್ಟಾದರೂ ಇರಬೇಕು. ನಮ್ಮನೆಯವರ ಹತ್ತಿರ ಅದೇ ಇರಲಿಲ್ಲ. ಹತ್ತೊಂಬತ್ತು ವರ್ಷ ಜೊತೆಯಲ್ಲಿ ಬಾಳಿದವಳು ಹೇಳುತ್ತಿದ್ದೇನೆ, ನಂಬಬಹುದು. ಅವರು ಬೆಳಿಗ್ಗೆ ಎಷ್ಟು ಸಲ ಸೀನುತ್ತಾರೆ ಎಂಬುದು ಓಣಿಯ ಕೊನೆಯ ಮನೆಗೂ ಗೊತ್ತು. ಯಾವ ಹಲ್ಲು ನೋಯುತ್ತಿದೆ ಎಂಬುದು ತರಕಾರಿ ಅಂಗಡಿಯವನಿಗೂ ಗೊತ್ತು. ಇಂಥ ಮನುಷ್ಯ ಒಂದು ದಿನ ಎದ್ದು, ತನ್ನ ಬದುಕನ್ನೆಲ್ಲ ಜಗತ್ತಿನ ಕಣ್ಣಿನಿಂದ ಮರೆಮಾಡುತ್ತೇನೆಂದು ಹೊರಟರೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡೆ. ಜಗತ್ತು ಮೊದಲ ಬಾರಿಗೆ ಅವರ ಕಡೆ ತಿರುಗಿ ನೋಡಿತು.

ಅವರು ನೀರು ಸರಬರಾಜು ಕಚೇರಿಯ ದಾಖಲೆ ವಿಭಾಗದಲ್ಲಿ ಗುಮಾಸ್ತರು. ಇಪ್ಪತ್ತಾರು ವರ್ಷದಲ್ಲಿ ಒಂದು ಹಾಳೆಯನ್ನೂ ಕಳೆದವರಲ್ಲ. ಹಾಗಾಗಿ ಎಲ್ಲರೂ ಅವರನ್ನು ಕಡತರಾಯರು ಎಂದೇ ಕರೆಯುವುದು. ಯಾರಾದರೂ ಬಂದು, "ಮೂರು ವಾರದಿಂದ ನಮ್ಮ ಮನೆಗೆ ನೀರೇ ಬರ್ತಿಲ್ಲ ಸಾರ್" ಎಂದರೆ, ಕಡತ ಬಿಚ್ಚಿ, ಪುಟ ತಿರುವಿ, ಸಾಲಿನ ಮೇಲೆ ಬೆರಳಿಟ್ಟು, "ಬರ್ತಿದೆಯಲ್ಲ, ನೋಡಿ" ಎಂದು ತೋರಿಸಿ ಕಳಿಸುವವರು. ಬಂದವರು ಬಾಯಾರಿಕೊಂಡೇ ಹೋಗುತ್ತಿದ್ದರು. ಆದರೆ ಕಡತಕ್ಕೆ ಎದುರಾಡುತ್ತಿರಲಿಲ್ಲ.

ಅದು ಅವರ ಬಡ್ತಿಯ ವರ್ಷ. ತಿಂಗಳ ಕೊನೆಗೆ ಪಟ್ಟಿ ಹೊರಡುವುದಿತ್ತು. ಅದರಲ್ಲಿ ಹೆಸರು ಬಂದರೆ ಮೇಲ್ವಿಚಾರಕರಾಗುತ್ತಿದ್ದರು. ಮೇಲ್ವಿಚಾರಕರಿಗೆ ಕಚೇರಿಯ ಹಿಂದಿನ ವಸತಿಗೃಹದಲ್ಲಿ ಮೇಲಿನ ಮಹಡಿಯ ಮೂರು ಕೋಣೆಯ ಮನೆ. ಅವರಿಗೆ ಬೇಕಿದ್ದದ್ದು ಮೇಜಿನ ಮೇಲಿನ ಫಲಕ. ನನಗೆ ಬೇಕಿದ್ದದ್ದು ಆ ಮೂರನೆಯ ಕೋಣೆ. ಕೆಳಗಿನ ನಮ್ಮ ಮನೆಯಲ್ಲಿ ಇದ್ದದ್ದು ಎರಡು. ಮುಂದಿನದು ಅವರದು ಮತ್ತು ಅವರ ಕಂಪ್ಯೂಟರಿನದು, ಹಿಂದಿನದು ಅತ್ತೆಯದು. ಎರಡರ ನಡುವಿನ ಸಂದಿ ನನ್ನದು, ನನ್ನ ಹೊಲಿಗೆ ಯಂತ್ರದ್ದು. ಅಡುಗೆಮನೆಗೆ ಬಾಗಿಲಿಲ್ಲ, ಪರದೆ. ಮೇಲಿನ ಮನೆಯವರು ಖಾಲಿ ಮಾಡಿದ ದಿನ ಗುಡಿಸುವ ನೆಪದಲ್ಲಿ ಹೋಗಿ ನೋಡಿ ಬಂದಿದ್ದೆ. ಚಿಕ್ಕ ಕೋಣೆ, ಒಂದು ಕಿಟಕಿ, ಒಂದು ಬಾಗಿಲು. ಬಾಗಿಲನ್ನು ಎರಡು ಸಲ ಮುಚ್ಚಿ ತೆರೆದೆ. ಮೂರನೆಯ ಸಲ ಮುಚ್ಚಿಕೊಂಡು ಒಳಗೇ ನಿಂತೆ. ಕೆಳಗಿನಿಂದ ಅತ್ತೆ "ಎಲ್ಲಿದೀಯೇ?" ಎಂದು ಕೂಗುವವರೆಗೆ, ಅಂದರೆ ಸುಮಾರು ಅರ್ಧ ನಿಮಿಷ.

ಎಲ್ಲ ಶುರುವಾದದ್ದು ಒಂದು ವಿಗ್ಗಿನಿಂದ. ಮೇಲ್ವಿಚಾರಕರ ಕುರ್ಚಿಯಲ್ಲಿ ಕೂರುವ ತಲೆಯ ಮೇಲೆ ನಾಲ್ಕು ಕೂದಲಿದ್ದರೆ ಚೆಂದ ಎಂದು ಅವರಿಗೆ ಅನ್ನಿಸಿರಬೇಕು. ಒಂದು ಮಧ್ಯಾಹ್ನ, ಸುಮ್ಮನೆ ತಿಳಿದುಕೊಳ್ಳೋಣವೆಂದು, ಫೋನಿನಲ್ಲಿ ವಿಗ್ಗುಗಳನ್ನು ನೋಡಿದರು. ನೋಡಿ ಮುಚ್ಚಿದರು. ವಿಗ್ಗುಗಳು ಅವರನ್ನು ಬಿಡಲಿಲ್ಲ. ಹವಾಮಾನ ನೋಡಿದರೆ ವಿಗ್ಗು, ವಾರ್ತೆ ಓದಿದರೆ ವಿಗ್ಗು. ಮೂರನೆಯ ದಿನ ಕಚೇರಿಯ ಸಭೆಯಲ್ಲಿ, ಊರಿನ ಕೊಳವೆ ನಕ್ಷೆಯನ್ನು ಗೋಡೆಯ ದೊಡ್ಡ ಪರದೆಗೆ ಹಾಕಲು ಅವರು ತಮ್ಮ ಖಾತೆಯಿಂದ ಜಾಲತಾಣ ತೆರೆದರು. ನಕ್ಷೆ ಬಂತು. ಅದರ ಪಕ್ಕದಲ್ಲಿ, ಆಳೆತ್ತರದ ಅಕ್ಷರದಲ್ಲಿ: ‘ತಲೆ ಹೊಳೆಯುತ್ತಿದೆಯೇ? ನಾಚಿಕೆ ಬಿಡಿ, ಇಂದೇ ಮುಚ್ಚಿಕೊಳ್ಳಿ!’ ಅದರ ಕೆಳಗೆ ಸರಿಯಾಗಿ ಕುಳಿತಿದ್ದವರು ಮುಖ್ಯಾಧಿಕಾರಿಗಳು. ಅವರ ತಲೆ ನಮ್ಮನೆಯವರದಕ್ಕಿಂತ ಎರಡು ಪಟ್ಟು ಹೊಳೆಯುತ್ತದೆ.

ಮುಖ್ಯಾಧಿಕಾರಿಗಳು ಬಹಳ ಹೊತ್ತು ಪರದೆಯನ್ನೇ ನೋಡಿ, "ಇದು ಯಾವ ಬಡಾವಣೆ ಪೈಪು ರಾಯರೇ?" ಎಂದರಂತೆ.

ಅಂದು ಸಂಜೆ ನಮ್ಮನೆಯವರು ಮನೆಗೆ ಬರದೆ ನೇರವಾಗಿ ಜೆರಾಕ್ಸ್ ಅಂಗಡಿಗೆ ಹೋದರು. ಆ ಅಂಗಡಿ ನಡೆಸುವ ಹೆಂಗಸಿಗೆ ಕಂಪ್ಯೂಟರ್ ವಿಷಯದಲ್ಲಿ ಗೊತ್ತಿಲ್ಲದ್ದಿಲ್ಲ. ನಾವೆಲ್ಲ ಅವಳನ್ನು ಜೆರಾಕ್ಸಕ್ಕ ಎನ್ನುತ್ತೇವೆ. ಹೊಲಿಗೆಯ ಮಾದರಿ ಮುದ್ರಿಸಿಕೊಳ್ಳಲು ನಾನೂ ಅಲ್ಲೇ ಇದ್ದೆ.

"ಅದೇನು ಮಾಟ ಅಲ್ಲ ಸಾರ್," ಎಂದಳು ಅವಳು. "ನೀವು ಹೋದಲ್ಲೆಲ್ಲ ಒಬ್ಬ ಹಿಂದಿಂದೆ ಬರ್ಕೊಂಡು ಬರ್ತಾ ಇರ್ತಾನೆ, ಅಷ್ಟೇ. ಅವನನ್ನ ಬಾಗಿಲಲ್ಲೇ ನಿಲ್ಲಿಸೋ ಬ್ರೌಸರ್ ಇದೆ. ಹಾಕ್ಕೊಡ್ತೀನಿ. ಪುಕ್ಕಟೆ."

"ಪುಕ್ಕಟೆ ಯಾಕೆ ಕೊಡ್ತಾರೆ?"

"ಮುಕ್ತ ತಂತ್ರಾಂಶ ಸಾರ್. ಒಳಗಡೆ ಏನೇನು ಬರೆದು ಮಾಡಿದಾರೆ ಅಂತ ಯಾರು ಬೇಕಾದ್ರೂ ಓದಬಹುದು. ತಮಗೆ ಬೇಕಾದ ಹಂಗೆ ತಿದ್ದಿಕೊಳ್ಳಬಹುದು."

"ತಿದ್ದಬಹುದಾ?" ದಾಖಲೆ ವಿಭಾಗದ ಮನುಷ್ಯ ಬೆಚ್ಚಿಬಿದ್ದರು. "ಮೇಲಧಿಕಾರಿ ಸಹಿ ಇಲ್ಲದೆ?"

"ಯಾರ ಸಹಿನೂ ಬೇಡ."

"ಬೀಗ ಮಾಡೋದು ಹೇಗೆ ಅಂತ ಕಳ್ಳನಿಗೂ ಓದೋಕೆ ಕೊಟ್ಟ ಮೇಲೆ ಅದು ಬೀಗ ಹೆಂಗಾಗತ್ತಮ್ಮ?"

"ಅಡುಗೆಮನೆ ತೆರೆದಿಟ್ಟಿರೋ ಹೋಟೆಲಲ್ಲಿ ಊಟ ಮಾಡೋಕೆ ಧೈರ್ಯ ಜಾಸ್ತಿ ಅಲ್ವಾ ಸಾರ್? ಇದೂ ಹಂಗೇ."

ಅವಳು ಎರಡು ಬಗೆಯನ್ನು ತೋರಿಸಿದಳು. ಒಂದು ದಿನಬಳಕೆಯದು, ಹಿಂಬಾಲಿಸುವವರನ್ನು ತಡೆಯುತ್ತದೆ, ಉಳಿದಂತೆ ತಂಟೆಯಿಲ್ಲ. ಇನ್ನೊಂದನ್ನು ಒಂದು ಪೆನ್‌ಡ್ರೈವಿನಲ್ಲಿ ಹಾಕಿ ಇಟ್ಟುಕೊಂಡಿದ್ದಳು. "ಇದು ನಿಜವಾಗಲೂ ಜೀವಭಯ ಇರೋರಿಗೆ ಸಾರ್. ನೀವು ಕಳಿಸಿದ್ದು ಮೂರು ಕಡೆಯ ಕಂಪ್ಯೂಟರ್ ದಾಟಿ ಹೋಗತ್ತೆ. ಆ ಕಡೆಯವರಿಗೆ ಕಾಣೋದು ಕೊನೇ ಊರು ಮಾತ್ರ, ನೀವೆಲ್ಲಿದೀರಿ ಅಂತ ಗೊತ್ತಾಗಲ್ಲ. ನಿಮಗೆ ಬೇಡ. ಮೊದಲನೇದೇ ಸಾಕು."

ನಮ್ಮನೆಯವರು ವೈದ್ಯರು ದಿನಕ್ಕೊಂದು ಮಾತ್ರೆ ಎಂದರೆ ಬೇಗ ವಾಸಿಯಾಗಲೆಂದು ಮೂರು ನುಂಗುವವರು. "ಎರಡೂ ಕೊಡಮ್ಮ," ಎಂದರು.

"ಕಚೇರಿ ಕೆಲಸಕ್ಕೆ ಮಾತ್ರ ಇದನ್ನ ತೆಗೀಬೇಡಿ ಸಾರ್."

"ಛೆ ಛೆ," ಎಂದರು. ಅವರು ಎರಡು ಸಲ ಛೆ ಎಂದರೆ ಅದನ್ನು ಮಾಡಿಯೇ ತೀರುತ್ತಾರೆಂದು ಅರ್ಥ. ಅದು ಅವಳಿಗೆ ಹೇಗೆ ಗೊತ್ತಾಗಬೇಕು?

ಆ ಭಾನುವಾರ ನಮ್ಮ ಮನೆಯ ನಾಲ್ಕು ಯಂತ್ರಗಳಿಗೂ ದೀಕ್ಷೆಯಾಯಿತು: ಅವರ ಫೋನು, ನನ್ನ ಫೋನು, ಅತ್ತೆಯ ಹಲಗೆಯಂಥ ದೊಡ್ಡ ಫೋನು, ಮುಂದಿನ ಕೋಣೆಯ ಕಂಪ್ಯೂಟರು. ಎಲ್ಲದರಲ್ಲೂ ಒಂದೇ ಬ್ರೌಸರು, ಒಂದೇ ಅಪ್ಪಣೆ: ಮುಚ್ಚಿದ ಕೂಡಲೇ ಎಲ್ಲವನ್ನೂ ಮರೆತುಬಿಡತಕ್ಕದ್ದು. ಬೇಕಾದಂತೆ ತಿದ್ದಿಕೊಳ್ಳಬಹುದು ಎಂದು ಜೆರಾಕ್ಸಕ್ಕ ಹೇಳಿದ್ದನ್ನು ಅವರು ಕರ್ತವ್ಯವೆಂದೇ ತಿಳಿದರು. ಬಣ್ಣ ಬದಲಾಯಿಸಿದರು, ಗುಂಡಿಗಳನ್ನು ಬಲದಿಂದ ಎಡಕ್ಕೆ ತಂದರು, ಫೋನಿನ ಮೇಲಿನ ಚಿತ್ರಗಳನ್ನೂ ಅದಲುಬದಲು ಮಾಡಿದರು. ಸಂಜೆಯ ಹೊತ್ತಿಗೆ ನಮ್ಮ ಮನೆಯಲ್ಲಿ ರೇಡಿಯೋ ಕೇಳಬೇಕಾದರೆ ನಲ್ಲಿಯ ಚಿತ್ರ ಒತ್ತಬೇಕಾಗಿತ್ತು. ಕಳ್ಳ ಬಂದರೆ ದಾರಿ ತಪ್ಪಲಿ ಎಂದು. ಮೊದಲು ದಾರಿ ತಪ್ಪಿದವರು ಅವರೇ. ಅಕ್ಕಪಕ್ಕದವರಿಗೆಲ್ಲ ಎರಡು ಸಲ ಫೋನು ಮಾಡಿ, ಹವಾಮಾನ ನೋಡುತ್ತಿದ್ದೆ, ಕ್ಷಮಿಸಿ ಎಂದರು.

ನನ್ನ ಫೋನಿನಲ್ಲಿ ಮುಚ್ಚದೆ ಇಟ್ಟುಕೊಂಡ ಅರವತ್ತಮೂರು ಪುಟಗಳಿದ್ದವು. ಮಕ್ಕಳ ಅಂಗಿಗೆ ಹದಿನೇಳು ಬಗೆಯ ಕಾಲರು. ಇನ್ನೊಂದು ಭಾಷೆಯ ಮೊದಲ ಪಾಠ. ಎಂದೂ ಹೋಗದ ಕಡಲತೀರದ ಒಂದು ಕೋಣೆ. ‘ನಲವತ್ತೈದರ ನಂತರ ಈಜು ಕಲಿಯಬಹುದೇ?’ ಒಬ್ಬ ಹೆಂಗಸು ಏನೇನು ಆಗಬೇಕೆಂದಿದ್ದಳು ಎಂಬುದನ್ನು ಯಾರಾದರೂ ತಿಳಿಯಬೇಕಿದ್ದರೆ ಅವಳು ಮುಚ್ಚದೆ ಬಿಟ್ಟ ಪುಟಗಳನ್ನು ನೋಡಿದರೆ ಸಾಕು.

"ಎಲ್ಲ ಗುಡಿಸಿ ಹಾಕಿದೆ ನೋಡೇ. ಎಷ್ಟು ಕಸ ಇತ್ತು!" ಎಂದು ಹೆಮ್ಮೆಯಿಂದ ಫೋನು ಕೈಗಿತ್ತರು.

ನಾನು ಅಡುಗೆಮನೆಗೆ ಹೋದೆ. ಪಾತ್ರೆ ತೊಳೆದೆ. ತೊಳೆದ ಪಾತ್ರೆಯನ್ನೇ ಇನ್ನೊಮ್ಮೆ ತೊಳೆದೆ.

ಅತ್ತೆ ನನ್ನ ಹಾಗಲ್ಲ. ಅವರು ದೊಡ್ಡ ಫೋನಿನಲ್ಲಿ ದಿನಾ ಪದಬಂಧ ಆಡುತ್ತಿದ್ದರು. ಎರಡು ವರ್ಷದ ತಪಸ್ಸಿನಿಂದ ಇನ್ನೂರ ಹದಿನಾಲ್ಕನೆಯ ಹಂತ ಮುಟ್ಟಿದ್ದರು.

"ಲೋ, ಇಲ್ಲಿ ಬಾ. ಇದು ‘ಸ್ವಾಗತ, ಹೊಸ ಆಟಗಾರರೇ, ನಿಮ್ಮ ಹೆಸರೇನು’ ಅಂತ ಕೇಳ್ತಿದೆ!"

"ಅದು ನಿನ್ನನ್ನ ಕಾಪಾಡ್ತಿದೆ ಅಮ್ಮ. ನೀನು ಯಾರು ಅಂತ ಅದಕ್ಕೆ ಗೊತ್ತಿರಬಾರದು."

"ನಿಮ್ಮಪ್ಪನಿಗೂ ಕೊನೇಲಿ ಮರೆವು ಬಂದಿತ್ತು ಕಣೋ. ಆದ್ರೂ ಎದ್ದ ಕೂಡಲೇ ನನ್ನ ಹೆಸರು ಕೇಳ್ತಿರಲಿಲ್ಲ!"

ಯಂತ್ರಗಳು ಮುಗಿದ ಮೇಲೆ ಅವರು ಕಿಟಕಿಗಳಿಗೆ ಕೈ ಹಾಕಿದರು. ಒಳಗಿನಿಂದ ಹಳೆಯ ಪತ್ರಿಕೆಗಳನ್ನು ಅಂಟಿಸಿದರು. ಕಚೇರಿಯಲ್ಲಿ ತಮ್ಮ ಮೇಜಿನ ಮೇಲೆ ಕಣ್ಣಿಟ್ಟಿದ್ದ ಕ್ಯಾಮೆರಾವನ್ನು ಗೋಡೆಯ ಕಡೆ ತಿರುಗಿಸಬೇಕೆಂದು ಲಿಖಿತ ಮನವಿ ಕೊಟ್ಟು, ತಿರುಗಿಸಿದರು. ಇನ್ನು ಉಳಿದದ್ದು ಎದುರುಮನೆಯ ಅಮ್ಮ. ಎಪ್ಪತ್ತೊಂದು ವರ್ಷದ ಆ ಹೆಂಗಸು ಮಹಡಿಯ ಕಿಟಕಿಯಲ್ಲಿ ಕುಳಿತರೆ ಒಂದು ಕಡೆ ನಮ್ಮ ಮನೆಯ ಬಾಗಿಲು ಮತ್ತು ಮೆಟ್ಟಿಲು, ಇನ್ನೊಂದು ಕಡೆ ದಾಖಲೆ ವಿಭಾಗದ ಕಿಟಕಿ. ಕತ್ತು ತಿರುಗಿಸುವ ಶ್ರಮವೂ ಇಲ್ಲ.

ನಮ್ಮನೆಯವರು ಬೀದಿಯಲ್ಲಿ ನಿಂತು ತಲೆಯೆತ್ತಿ ಹೇಳಿದರು: "ಅಮ್ಮಾ, ಇನ್ನು ಮೇಲೆ ದಯವಿಟ್ಟು ನಮ್ಮ ಕಡೆ ನೋಡಬೇಡಿ. ಮನುಷ್ಯನಿಗೆ ಖಾಸಗಿ ಬದುಕು ಅಂತ ಒಂದಿರತ್ತೆ."

"ಇರಲಿ ರಾಯರೇ, ಒಳ್ಳೇದೇ," ಎಂದರು ಅವರು. "ಆದ್ರೆ ನಿಮ್ಮದಕ್ಕಿಂತ ಬೀದಿ ಬೆಕ್ಕಿನದೇ ನೋಡೋ ಹಂಗಿರತ್ತೆ," ಎಂದು ಕಿಟಕಿಯ ಒಂದು ಕದವನ್ನು ಹಾಕಿಕೊಂಡರು.

ಅಲ್ಲಿಯವರೆಗೆ ನಮ್ಮ ಕಿಟಕಿಯನ್ನು ನೋಡುತ್ತಿದ್ದದ್ದು ಒಬ್ಬರು. ಪತ್ರಿಕೆ ಅಂಟಿಸಿದ ಮೇಲೆ ಓಣಿಯೇ ನೋಡತೊಡಗಿತು. ಒಳಗೆ ಏನೋ ಮಾಡುತ್ತಾರೆ ಎಂದು ಒಬ್ಬರು, ಯಾರನ್ನೋ ಇಟ್ಟಿದ್ದಾರೆ ಎಂದು ಇನ್ನೊಬ್ಬರು. ಹೊಲಿಗೆಗೆ ಬಂದ ಹೆಂಗಸರು ಅಳತೆ ಕೊಡುತ್ತ ಕೊಡುತ್ತ ಮುಂದಿನ ಕೋಣೆಯ ಕಡೆ ಕತ್ತು ಚಾಚಿ, ನನ್ನ ಅಳತೆಯೆಲ್ಲ ತಪ್ಪಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು ಎಂದರು ಅತ್ತೆ. "ಅದರಲ್ಲೂ ಇವನ ಲೋಟದಲ್ಲಿ ಹಾಲೂ ಇಲ್ಲ."

ತಿಂಗಳು ಮುಗಿಯಲು ಎಂಟು ದಿನವಿದ್ದಾಗ ಜವಾನ ಒಂದು ಉದ್ದನೆಯ ಲಕೋಟೆ ಹಿಡಿದು ದಾಖಲೆ ವಿಭಾಗಕ್ಕೆ ಬಂದ.

"ಸಾರ್, ನಿಮಗೆ ನೋಟೀಸು."

"ಕೊಡು."

"ಕೈಗೆ ಕೊಡೋ ಹಂಗಿಲ್ಲ ಸಾರ್. ‘ಸದರಿಯವರು ಹೊರದೇಶದಲ್ಲಿರುವುದರಿಂದ ಮನೆಯ ಬಾಗಿಲಿಗೆ ಅಂಟಿಸತಕ್ಕದ್ದು’ ಅಂತ ಬರೆದಿದೆ."

ನಮ್ಮನೆಯವರು ಕನ್ನಡಕ ಹಾಕಿಕೊಂಡು ಓದಿದರು. ನಿಯಮ ಸರಿಯಾಗಿತ್ತು, ಕೆಳಗೆ ಸಹಿಯೂ ಇತ್ತು. ಇಬ್ಬರೂ ಕೂಡಿಯೇ ಮನೆಗೆ ಬಂದರು. ಜವಾನ ಕಾಗದ ಹಿಡಿದ, ಇವರು ಗೋಂದು ಹಚ್ಚಿದರು. "ಸೊಟ್ಟ ಆಯ್ತು, ಸ್ವಲ್ಪ ಎಡಕ್ಕೆ ತಗೋ," ಎಂದು ಅವರೇ ಹೇಳುವುದು ನನಗೆ ಒಳಗೆ ಕೇಳಿಸಿತು.

ವಿಷಯ ಇಷ್ಟೇ. ಕಚೇರಿಯಲ್ಲಿ ಈಗ ಹಾಜರಾತಿ ಪುಸ್ತಕವಿಲ್ಲ. ಎಲ್ಲರೂ ಬೆಳಿಗ್ಗೆ ಸಂಜೆ ಜಾಲತಾಣದಲ್ಲಿ ಹಾಜರಿ ಹಾಕಬೇಕು. ಯಾರು ಎಲ್ಲಿಂದ ಹಾಕಿದರು ಎಂಬುದನ್ನು ಅದು ತಾನೇ ಬರೆದುಕೊಳ್ಳುತ್ತದೆ. ನಮ್ಮನೆಯವರು ತಮ್ಮ ಮೇಜಿನ ಮುಂದೆ ಕುಳಿತು, ಪೆನ್‌ಡ್ರೈವ್ ಸಿಕ್ಕಿಸಿ, ಆ ಎರಡನೆಯ ಬ್ರೌಸರಿನಲ್ಲಿ ಹಾಜರಿ ಹಾಕುತ್ತಿದ್ದರು. ಅದು ಅವರ ಹಾಜರಿಯನ್ನು ಪ್ರತಿ ಸಲ ಬೇರೆ ಬೇರೆ ಊರು ತಿರುಗಿಸಿ ತರುತ್ತಿತ್ತು. ನೋಟೀಸಿನ ಪ್ರಕಾರ ಅವರು ಹದಿನಾರು ಕೆಲಸದ ದಿನಗಳಲ್ಲಿ ಒಂಬತ್ತು ದೇಶಗಳಲ್ಲಿದ್ದರು. ಹನ್ನೆರಡನೇ ತಾರೀಕು ಬೆಳಿಗ್ಗೆ ಫಿನ್‌ಲೆಂಡಿನಲ್ಲಿ ಹಾಜರಾಗಿ, ಅದೇ ದಿನ ಸಂಜೆ ಪನಾಮಾದಲ್ಲಿ ಕೆಲಸ ಮುಗಿಸಿದ್ದರು. ಅನುಮತಿಯಿಲ್ಲದೆ ಊರು ಬಿಟ್ಟವರಿಗೆ ಬಡ್ತಿಯಿಲ್ಲ.

ಬಾಗಿಲಿಗೆ ಅಂಟಿಸಿದ್ದನ್ನು ಓಣಿ ಓದಿತು. ಸಂಜೆಗೆ ನಮ್ಮಕ್ಕನ ಫೋನು ಬಂತು.

"ಒಂಬತ್ತು ದೇಶ ಸುತ್ತಿದಾನಂತೆ ನಿನ್ನ ಗಂಡ! ನಿನ್ನನ್ನ ಒಂದಕ್ಕಾದ್ರೂ ಕರಕೊಂಡು ಹೋದ್ನೇನೇ?"

"ಎಲ್ಲೂ ಹೋಗಿಲ್ಲ ಅಕ್ಕ. ದಿನಾ ಇಲ್ಲೇ ಊಟ ಮಾಡಿದಾರೆ."

"ಅಯ್ಯೋ ನಿನ್ನ ಮುಗ್ಧತೆಗೆ! ಈಗ ವಿಮಾನ ಎಷ್ಟು ಬೇಗ ಹೋಗತ್ತೆ ಅಂತ ನಿನಗೇನು ಗೊತ್ತು. ನಾನಾಗಿದ್ರೆ ಅಂಗಿ ಜೇಬು ನೋಡ್ತಿದ್ದೆ."

ನೋಡಿದೆ. ಒಂದು ಗುಂಡಿ ಇತ್ತು, ನಾನೇ ಹೊಲಿಯಬೇಕಾದದ್ದು.

ಮರುದಿನ ಅವರು ಮುಖ್ಯಾಧಿಕಾರಿಗಳ ಕೋಣೆಗೆ ಹೋದರು. ಸಾಕ್ಷಿಗೆಂದು ಜೆರಾಕ್ಸಕ್ಕನನ್ನೂ ಕರೆದೊಯ್ದರು. ಅಲ್ಲಿ ನಡೆದದ್ದನ್ನು ಅವರು ಮನೆಯಲ್ಲಿ ಹೇಳಿದ್ದು, ಜವಾನ ಓಣಿಯಲ್ಲಿ ಹೇಳಿದ್ದು, ಎರಡನ್ನೂ ಕೂಡಿಸಿ ಬರೆಯುತ್ತಿದ್ದೇನೆ.

"ಸಾರ್, ನಾನು ಇಲ್ಲೇ ಇದೀನಲ್ಲ. ನಿಮ್ಮ ಮುಂದೇನೇ ನಿಂತಿದೀನಿ."

"ನಿಂತಿರೋದು ಸರಿ ರಾಯರೇ," ಎಂದರು ಮುಖ್ಯಾಧಿಕಾರಿಗಳು, ತಲೆ ಸವರಿಕೊಳ್ಳುತ್ತ. "ಆದ್ರೆ ದಾಖಲೆ ಏನು ಹೇಳತ್ತೆ?"

ಇಪ್ಪತ್ತಾರು ವರ್ಷ ನಮ್ಮನೆಯವರೇ ಕೇಳಿದ ಪ್ರಶ್ನೆ. ಇದಕ್ಕೆ ಉತ್ತರ ಕೊಟ್ಟವರನ್ನು ಅವರು ಕಂಡಿರಲಿಲ್ಲ.

ಜೆರಾಕ್ಸಕ್ಕ ಬಿಡಿಸಿ ಹೇಳಿದಳು. ಹಾಜರಿ ಮೂರು ಕಡೆ ದಾಟಿ ಬಂದದ್ದು, ಕೊನೆಯ ಊರು ಮಾತ್ರ ಕಂಡದ್ದು, ಎಲ್ಲ. ಮುಖ್ಯಾಧಿಕಾರಿಗಳು ಶ್ರದ್ಧೆಯಿಂದ ಬರೆದುಕೊಂಡರು. ಬರೆದದ್ದನ್ನು ಓದಿದರು: "ಹೊರದೇಶಕ್ಕೆ ಹೋಗಿದ್ದದ್ದು ಹಾಜರಿ ಮಾತ್ರ. ದೇಹ ಹೋಗಿರಲಿಲ್ಲ. ಸರೀನಾ?"

"ಸರಿ ಸಾರ್!"

"ಹಾಜರಿ ಹೋಗಿದ್ದಕ್ಕೆ ದಾಖಲೆ ಇದೆ. ದೇಹ ಇಲ್ಲೇ ಇತ್ತು ಅನ್ನೋದಕ್ಕೆ?"

ಹುಡುಕಿದರು. ಕ್ಯಾಮೆರಾದಲ್ಲಿ ಇಡೀ ತಿಂಗಳು ಗೋಡೆ ಕೆಲಸ ಮಾಡಿತ್ತು. ಹಳೆಯ ಹಾಜರಾತಿ ಪುಸ್ತಕ ನಿಲ್ಲಿಸಲು ಟಿಪ್ಪಣಿ ಬರೆದವರು ಇವರೇ. ಫೋನಿಗೆ ತಾನು ಎಲ್ಲಿದ್ದೆ ಎಂಬುದೇ ನೆನಪಿಲ್ಲ. ಸಹೋದ್ಯೋಗಿಗಳನ್ನು ಕೇಳಿದರೆ ಎಲ್ಲರೂ ಇವರು ಒಳ್ಳೆಯವರು ಎಂದರು. ಬೆಳಿಗ್ಗೆ ಹತ್ತಕ್ಕೆ ಇವರನ್ನು ನೋಡುತ್ತಿದ್ದೆವು ಎಂದು ಮಾತ್ರ ಯಾರೂ ಬರೆದುಕೊಡಲಿಲ್ಲ. ಹಾಗೆ ಬರೆಯಬೇಕಾದರೆ ಹತ್ತಕ್ಕೆ ತಾವೂ ಅಲ್ಲಿರಬೇಕಲ್ಲ. ಹೆಂಡತಿ, ತಾಯಿ ಹೇಳಿದರೆ ನಡೆಯದು. ಸಂಬಂಧವಿಲ್ಲದ ಸ್ವತಂತ್ರ ಸಾಕ್ಷಿ ಬೇಕು. ಗುರುವಾರ ಮುಖ್ಯ ಕಚೇರಿಯಿಂದ ವಿಚಾರಣೆಗೆ ಬರುತ್ತಾರೆ. ಶುಕ್ರವಾರ ಪಟ್ಟಿ ಹೊರಡುತ್ತದೆ.

"ಮೇಲಿನ ಮನೆ?" ಎಂದೆ ನಾನು, ಅವರು ಬಂದು ಕುಳಿತಾಗ.

"ಇನ್ನೊಂದು ಹೆಸರಿದೆ ಪಟ್ಟೀಲಿ. ಅವರಿಗೆ ಹೋಗತ್ತೆ." ಅವರು ಕುಡಿಯದ ನೀರಿನ ಲೋಟ ನೋಡುತ್ತಿದ್ದರು. "ನಾನು ಇದ್ದೆ ಅಂತ ಹೇಳೋರು ಒಬ್ಬರೂ ಇಲ್ಲ ನೋಡೇ."

ಅತ್ತೆ ಹಿಂದಿನ ಕೋಣೆಯಿಂದಲೇ ಅಂದರು, "ಇದ್ದಾರೆ. ಎದುರುಗಡೆ ಕಿಟಕೀಲಿ."

ಎದುರುಮನೆಗೆ ನಾನೂ ಜೊತೆಗೆ ಹೋದೆ. ನಮ್ಮನೆಯವರು ಕೈಕಟ್ಟಿ ನಿಂತರು.

"ಅಮ್ಮ, ಈ ತಿಂಗಳೆಲ್ಲ ನೀವು ನನ್ನನ್ನ ನೋಡಿದೀರಲ್ಲ, ಅದನ್ನ ಬಂದು ಹೇಳಬೇಕು."

"ನಾನಾ? ನಾನ್ಯಾಕಪ್ಪ ಇನ್ನೊಬ್ಬರ ಖಾಸಗಿ ಬದುಕು ನೋಡಲಿ?"

"ನೋಡಿದೀರಿ ಅಂತ ನನಗೆ ಗೊತ್ತು."

"ನೋಡಬೇಡಿ ಅಂದ್ರಲ್ಲ. ಅವತ್ತಿಂದ ಗೋಡೆ ನೋಡ್ಕೊಂಡು ಕೂತಿದೀನಿ."

"ಅಮ್ಮಾ, ನಿಮ್ಮ ಕಾಲಿಗೆ ಬೀಳ್ತೀನಿ."

"ಬೀಳಬೇಡಿ ರಾಯರೇ, ಮೊನ್ನೆ ಸೋಮವಾರ ಮೆಟ್ಟಿಲಲ್ಲಿ ಜಾರಿ ಮಂಡಿ ನೋವು ಮಾಡ್ಕೊಂಡಿದೀರಿ."

ಹೇಳಿದವರೇ ನಾಲಿಗೆ ಕಚ್ಚಿಕೊಂಡರು. ಆಮೇಲೆ ಆ ಅಮ್ಮ ನನ್ನ ಕಡೆ ನೋಡಿ, "ನಿನಗೋಸ್ಕರ ಬರ್ತೀನಿ ಮಗಳೇ," ಎಂದರು. ಆ ಮಾತಿಗೆ ಅಂದು ನಾನು ಹೆಚ್ಚಿನ ಅರ್ಥ ಹುಡುಕಲಿಲ್ಲ.

ವಿಚಾರಣೆ ಗುಟ್ಟಾಗಿ ನಡೆಯಬೇಕೆಂದು ನಿಯಮವಿದೆ. ಆದರೆ ಸಾಕಷ್ಟು ಕುರ್ಚಿಗಳಿದ್ದದ್ದು ಸಭಾಂಗಣದಲ್ಲಿ ಮಾತ್ರ. ಅದರ ಬಾಗಿಲು ಮುಚ್ಚಿದರೆ ಸೆಕೆ. ಹಾಗಾಗಿ ಅರ್ಧ ಓಣಿ ಒಳಗೆ, ಅರ್ಧ ಓಣಿ ಬಾಗಿಲಲ್ಲಿ. ವಿಚಾರಣೆಗೆ ಬಂದವರು ತೆಳ್ಳಗಿನ, ನಗದ ಅಧಿಕಾರಿ. ಪಕ್ಕದಲ್ಲಿ ಬರೆದುಕೊಳ್ಳಲು ಒಬ್ಬ ಗುಮಾಸ್ತ.

"ಎಲ್ಲಿ ಬರೆದಿಟ್ಟಿದೀರಿ ಅಮ್ಮ?" ಎಂದು ಅಧಿಕಾರಿ ಎದುರುಮನೆಯ ಅಮ್ಮನನ್ನು ಕೇಳಿದರು.

"ಬರೆದಿಡೋದು ಮರೆಯೋರು. ಕೇಳಿ."

"ಹನ್ನೆರಡನೇ ತಾರೀಕು?"

"ಗುರುವಾರ. ಒಂಬತ್ತು ಮೂವತ್ತೆಂಟಕ್ಕೆ ಹೊರಟ್ರು. ಗೇಟಿನಿಂದ ವಾಪಸ್ ಬಂದ್ರು, ಕನ್ನಡಕ ಮರೆತು. ಮತ್ತೆ ಹೊರಟಾಗ ಒಂದು ಕಾಲಿಗೆ ಕಂದು ಕಾಲುಚೀಲ, ಒಂದು ಕಾಲಿಗೆ ಕಪ್ಪು. ಹತ್ತು ಗಂಟೆಗೆ ಮೇಜಿನ ಮುಂದಿದ್ರು. ಹನ್ನೊಂದರಿಂದ ಹನ್ನೊಂದೂಕಾಲು ನಿದ್ದೆ."

"ಫಿನ್‌ಲೆಂಡ್‌ನಲ್ಲಿ ಇರಲಿಲ್ಲ?"

"ಬಾಯಿ ತೆಗೆದು ಮಲಗಿದ್ರು ಸಾರ್. ಇಲ್ಲೇ."

ಗುಮಾಸ್ತ ಬರೆದುಕೊಂಡ. "ಹದಿಮೂರು?" ಎಂದರು ಅಧಿಕಾರಿ.

"ಊಟದ ಡಬ್ಬಿ ಮನೇಲೇ ಬಿಟ್ಟು ಹೋಗಿ, ಇನ್ನೊಬ್ಬರ ಡಬ್ಬಿ ತಿಂದ್ರು. ಯಾರದ್ದು ಅಂತ ಹೇಳಲಾ?"

"ಬೇಡ, ಬೇಡ," ಎಂದು ಮೂರನೆಯ ಸಾಲಿನಿಂದ ಮುಖ್ಯಾಧಿಕಾರಿಗಳು.

"ಹದಿನೇಳು?"

"ಅವತ್ತು ಎಲ್ಲರೂ ಹೋದ ಮೇಲೆ ಅಲಮಾರು ಗಾಜಿನ ಮುಂದೆ ನಿಂತು ಭಾಷಣ ಮಾಡಿದ್ರು. ಕೈ ಹಿಂಗೆ ಎತ್ತಿ. ‘ಈ ಹುದ್ದೆ ನಾನು ಕೇಳಿದ್ದಲ್ಲ, ತಾನಾಗಿ ಬಂದದ್ದು’ ಅಂತ. ನನಗೆ ಕೇಳಲಿಲ್ಲ, ಬಾಯಿ ನೋಡಿ ಹೇಳ್ತಿದೀನಿ."

ಸಭಾಂಗಣ ನಕ್ಕಿತು. ನಮ್ಮನೆಯವರು ಕುರ್ಚಿಯಲ್ಲಿ ಕುಗ್ಗುತ್ತ ಹೋದರು. ಆದರೆ ಪ್ರತಿ ತಾರೀಕಿಗೂ "ಹೌದು ಸಾರ್, ಹೌದು ಸಾರ್" ಎಂದು ತಲೆಯಾಡಿಸುತ್ತಲೇ ಇದ್ದರು. ಒಬ್ಬ ಮನುಷ್ಯ ತಾನು ಇದ್ದೇನೆಂದು ಸಾಬೀತು ಮಾಡಲು ತನ್ನ ಮರ್ಯಾದೆಯನ್ನು ಬಿಡಿಬಿಡಿಯಾಗಿ ಒಪ್ಪಿಸುತ್ತಿದ್ದ. ಹದಿನಾರು ದಿನ ಹೀಗೇ ನಡೆಯಿತು.

ಕೊನೆಗೆ ಅಧಿಕಾರಿ ಲೇಖನಿ ಕೆಳಗಿಟ್ಟು ಕೇಳಿದರು: "ಇಷ್ಟೆಲ್ಲ ನೆನಪಿರತ್ತೆ ಅಂತ ನಾನು ಹೇಗೆ ನಂಬಲಿ ಅಮ್ಮ? ಇವರ ವಿಷಯ ಮಾತ್ರ ಯಾರಾದ್ರೂ ಹೇಳಿಕೊಟ್ಟಿರಬಹುದು."

"ಇವರೊಬ್ಬರದೇ ಅಲ್ಲ. ಎಲ್ಲರದೂ ಗೊತ್ತು. ಆ ಮುಖ್ಯಾಧಿಕಾರಿಗಳು ಹನ್ನೊಂದಕ್ಕೆ ಮೊದಲು ಬಂದಿದ್ದು ಎರಡು ದಿನ. ಈ ಜವಾನ ಗಿಡಕ್ಕೆ ಹಾಕೋ ನೀರಲ್ಲಿ ಕಾಲು ತೊಳೀತಾನೆ. ಇಗೋ, ಈ ರಾಯರ ಹೆಂಡತಿ." ಬೆರಳು ನನ್ನ ಕಡೆ ತಿರುಗಿತು. "ಇವಳು ದಿನಾ ಮಧ್ಯಾಹ್ನ ಮೂರಕ್ಕೆ ತಾರಸಿಗೆ ಹೋಗ್ತಾಳೆ. ನೀರಿನ ತೊಟ್ಟಿ ಹಿಂದೆ ಒಂದು ಇಟ್ಟಿಗೆ ಮೇಲೆ ಕೂತ್ಕೊಂತಾಳೆ. ಅರ್ಧ ಗಂಟೆ. ಅಳೋದಿಲ್ಲ, ಓದೋದಿಲ್ಲ, ಫೋನ್ ನೋಡೋದಿಲ್ಲ. ಸುಮ್ಮನೆ. ಏಳು ವರ್ಷದಿಂದ. ಕೇಳಿ ಬೇಕಾದ್ರೆ."

ಅಧಿಕಾರಿ ನನ್ನ ಕಡೆ ನೋಡಿದರು. "ಹೌದಾ ಅಮ್ಮ?"

ಆ ಸಭಾಂಗಣದಲ್ಲಿ ನಮ್ಮ ಓಣಿಯ ನಲವತ್ತು ಜನರಿದ್ದರು. ಅತ್ತೆಯಿದ್ದರು. ನಮ್ಮಕ್ಕ ಬಸ್ಸು ಹಿಡಿದು ಬಂದಿದ್ದಳು. ಇಲ್ಲ ಎಂದರೆ ಸಾಕ್ಷಿ ಸುಳ್ಳಾಗುತ್ತದೆ, ಹದಿನಾರು ದಿನವೂ ನೀರಲ್ಲಿ ಹೋಮವಾಗುತ್ತದೆ, ಮೇಲಿನ ಮನೆ ಇನ್ನೊಬ್ಬರಿಗೆ. ಹೌದು ಎಂದರೆ ತೊಟ್ಟಿಯ ಹಿಂದಿನ ಜಾಗ ಹೋಗುತ್ತದೆ.

"ಹೌದು," ಎಂದೆ.

ಗುಮಾಸ್ತ ಅದನ್ನೂ ಬರೆದುಕೊಂಡ. ಅಧಿಕಾರಿ ಮೊದಲ ಸಲ ತಲೆಯಾಡಿಸಿ, "ಸಾಕ್ಷಿ ನಂಬಲರ್ಹ" ಎಂದು ಹೇಳಿ ಬರೆಸಿದರು.

ನಮ್ಮನೆಯವರು ನನ್ನನ್ನೇ ನೋಡುತ್ತಿದ್ದರು. ಕಳೆದುಹೋದ ಹಾಳೆಯೊಂದನ್ನು ತಮ್ಮದೇ ಕಪಾಟಿನಲ್ಲಿ ಕಂಡವರ ಹಾಗೆ.

ಮನೆಗೆ ಬರುವ ದಾರಿಯಲ್ಲಿ ಕೇಳಿದರು, "ದಿನಾನಾ?"

"ಹೂಂ."

"ಅಲ್ಲಿ ಏನ್ ಮಾಡ್ತೀಯ?"

"ಏನೂ ಇಲ್ಲ ರೀ."

"ನನಗೆ ಹೇಳಬಹುದಿತ್ತು."

"ಹೇಳಿದ್ರೆ ನೀವೂ ಬಂದು ಕೂತ್ಕೊಂತಿದ್ರಿ."

ಅವರು ಸ್ವಲ್ಪ ಯೋಚಿಸಿ, "ಅದೂ ನಿಜ," ಎಂದರು.

ಮರುದಿನ ಮೂರು ಗಂಟೆಗೆ ತಾರಸಿಗೆ ಹೋದೆ. ಇಟ್ಟಿಗೆಯ ಜಾಗದಲ್ಲಿ ಒಂದು ಕುರ್ಚಿ ಇತ್ತು. ಜವಾನ ಪಾಪ ಎಂದುಕೊಂಡು ತಂದಿಟ್ಟಿದ್ದನಂತೆ. ಕೂರುವಷ್ಟರಲ್ಲಿ ಎದುರು ಕಿಟಕಿಯಿಂದ, "ಬಿಸಿಲು ಜಾಸ್ತಿ, ಈ ಕಡೆ ಸರ್ಕೊಂಡು ಕೂತ್ಕೋ ಮಗಳೇ!" ಪಕ್ಕದ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದ ಇಬ್ಬರು ಕೈಬೀಸಿದರು. ಕೆಳಗಿನಿಂದ ಅತ್ತೆ, "ಅವಳನ್ನ ಕರೀಬೇಡಿ, ಸುಮ್ಮನೆ ಕೂತಿರ್ತಾಳೆ!" ಎಂದು ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದರು. ನಾನು ಎದ್ದು ಬಂದೆ.

ಪಟ್ಟಿ ಹೊರಟಿತು. ಅದರಲ್ಲಿ ಅವರ ಹೆಸರಿತ್ತು. ವಿಚಾರಣೆಯ ಕಡತ ಮುಖ್ಯ ಕಚೇರಿಯಿಂದ ಮರಳಿ ಬಂತು. ನಿದ್ದೆ, ಕಾಲುಚೀಲ, ಭಾಷಣ, ಎಲ್ಲವನ್ನೂ ಒಳಗೊಂಡ ಆ ಎಂಬತ್ತು ಪುಟಗಳನ್ನು ಯಾರು ಕೇಳಿದರೂ ತೋರಿಸುವಂತೆ ಕ್ರಮಸಂಖ್ಯೆ ಹಾಕಿ ಕಪಾಟಿನಲ್ಲಿಟ್ಟದ್ದೇ ಅವರು ದಾಖಲೆ ವಿಭಾಗದಲ್ಲಿ ಮಾಡಿದ ಕೊನೆಯ ಕೆಲಸ. ಒಂದು ಹಾಳೆಯನ್ನೂ ಕಳೆಯಲಿಲ್ಲ. ಜೆರಾಕ್ಸಕ್ಕ ಮನೆಗೇ ಬಂದು ಪೆನ್‌ಡ್ರೈವ್ ವಾಪಸ್ಸು ತೆಗೆದುಕೊಂಡು, ನಾಲ್ಕೂ ಯಂತ್ರಗಳನ್ನು ಮತ್ತೆ ದಾರಿಗೆ ತಂದಳು. "ನಿಮಗೆ ಹೇಗೆ ಬೇಕು ಅಂತ ಹೇಳಿ ಅಕ್ಕ," ಎಂದು ನನ್ನನ್ನು ಕೇಳಿದಳು. ಆ ಮನೆಯಲ್ಲಿ ಆ ಪ್ರಶ್ನೆ ಕೇಳಿದವರಲ್ಲಿ ಅವಳೇ ಮೊದಲಿಗಳು. ಹಿಂಬಾಲಿಸುವವರು ಬೇಡ, ನಾನು ತೆರೆದಿಟ್ಟದ್ದು ಮಾತ್ರ ಇರಲಿ ಎಂದೆ. ಅಷ್ಟೇ ತಾನೇ ಎಂದು ಎರಡು ನಿಮಿಷದಲ್ಲಿ ಮಾಡಿಕೊಟ್ಟಳು.

ತಿಂಗಳ ಮೊದಲ ವಾರ ಮಹಡಿಗೆ ಹೋದೆವು. ಹಿಂದಿದ್ದವರು ಬಲ್ಬುಗಳ ಜೊತೆಗೆ ಚಿಲಕಗಳನ್ನೂ ಬಿಚ್ಚಿಕೊಂಡು ಹೋಗಿದ್ದರು. ನಮ್ಮನೆಯವರು ನನಗೆ ಹೇಳದೆ ಅಂಗಡಿಗೆ ಹೋಗಿ ದಪ್ಪನೆಯ ಚಿಲಕವೊಂದನ್ನು ತಂದು, ಇಡೀ ಬೆಳಿಗ್ಗೆ ಬೆವರು ಸುರಿಸಿ ಮೂರನೆಯ ಕೋಣೆಯ ಬಾಗಿಲಿಗೆ ಕೂರಿಸಿದರು. ಆಮೇಲೆ ನನ್ನನ್ನು ಕರೆದು, ಪಕ್ಕಕ್ಕೆ ಸರಿದು ನಿಂತು, "ಇದು ನಿನಗೆ," ಎಂದರು.

ಚಿಲಕ ಬಾಗಿಲಿನ ಹೊರಗಡೆ ಇತ್ತು.

"ಚೆನ್ನಾಗಿದೆ," ಎಂದೆ. ಅವರು ಖುಷಿಯಿಂದ ಕಚೇರಿಗೆ ಹೋದರು, ಎರಡು ಕಾಲಿಗೂ ಒಂದೇ ಬಣ್ಣದ ಕಾಲುಚೀಲ ಹಾಕಿಕೊಂಡು.

ನಾನು ಹೊಲಿಗೆ ಯಂತ್ರದ ಡಬ್ಬಿಯಿಂದ ಸ್ಕ್ರೂಡ್ರೈವರ್ ತೆಗೆದೆ. ನಾಲ್ಕು ಸ್ಕ್ರೂ ಬಿಚ್ಚಿದೆ. ಚಿಲಕವನ್ನು ಒಳಗಡೆಗೆ ತಂದು, ನನ್ನ ಭುಜದ ಎತ್ತರಕ್ಕೆ ಅಳತೆ ಮಾಡಿ, ಸ್ಕ್ರೂಗಳನ್ನು ಒಂದೊಂದಾಗಿ ಬಿಗಿದೆ. ಮೊದಲ ಸಲ ಸೊಟ್ಟಗಾಯಿತು. ಬಿಚ್ಚಿ ಮತ್ತೆ ಕೂರಿಸಿದೆ. ಬಾಗಿಲು ಹಾಕಿದೆ, ಚಿಲಕ ಸರಿಸಿದೆ. ಟಕ್ ಎಂದು ಸದ್ದಾಯಿತು.

ಐದು ನಿಮಿಷವೂ ಆಗಿರಲಿಲ್ಲ, ಹೊರಗೆ ಅತ್ತೆಯ ಹೆಜ್ಜೆ. "ಏನ್ ಮಾಡ್ತಿದೀಯೇ ಒಳಗೆ?" ಸಂಜೆ ನಮ್ಮನೆಯವರು. "ಏನ್ ಮಾಡ್ತಿದೀಯ ಒಳಗೆ?" ಮರುದಿನ ನಮ್ಮಕ್ಕ ಫೋನಿನಲ್ಲಿ. ಎದುರುಮನೆಯ ಅಮ್ಮನಿಗೂ ಆ ಕಿಟಕಿ ಕಾಣುವುದಿಲ್ಲವಂತೆ. ಅವರಿಗೆ ಎರಡು ದಿನ ಊಟ ಸೇರಲಿಲ್ಲವಂತೆ.

ಯಾರಿಗೂ ಹೇಳಿಲ್ಲ. ನಿಮಗೂ ಹೇಳುವುದಿಲ್ಲ.